ಅಳುವಿಗೂ ನಮಸ್ಕಾರಕ್ಕೂ ಒಂದೇ ಮಾತು

ಒಬ್ಬ ತಾಯಿ ತನ್ನ ಮಗು ಎದ್ದಾಗಿನಿಂದ ಒಂದೇ ಸಮನೆ ಅಳುತ್ತಿದೆ ಎಂದು ಹೇಳಿಕೊಂಡಾಗ ‘ಅಯ್ಯೋ, ಎಷ್ಟು ಮುದ್ದು!’ ಎಂದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ತಪ್ಪು ನನ್ನದಲ್ಲ, ಶಬ್ದದ್ದು.

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದೆ. ಸ್ಕಾಟ್‌ಲೆಂಡಿನ ಯಾವುದೋ ವಿಮಾ ಸಂಸ್ಥೆಯ ಕೆಲಸ. ಆ ಕಡೆಯಿಂದ ಫೋನಿನಲ್ಲಿ ಮಾತಾಡುತ್ತಿದ್ದವಳು ಮೋರಾಗ್. ನಮಗೆ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಅವಳಿಗೆ ಬೆಳಗಾಗುತ್ತಿತ್ತು. ಒಂದು ದಿನ ತಡವಾಗಿ ಬಂದವಳು, ಕ್ಷಮಿಸಿ, ಮಗು ಎದ್ದಾಗಿನಿಂದ ‘ಗ್ರೀಟಿಂಗ್’ ಮಾಡುತ್ತಿದೆ ಎಂದಳು. ಗ್ರೀಟ್ ಎಂದರೆ ನಮಸ್ಕಾರ ಹೇಳುವುದು ಎಂದು ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟರು ಹೇಳಿಕೊಟ್ಟಿದ್ದರು. ತೊಟ್ಟಿಲಲ್ಲಿ ಕೂತು ಹೋಗಿ ಬರುವವರಿಗೆಲ್ಲ ಕೈಮುಗಿಯುವ ಕೂಸೊಂದು ನನ್ನ ಕಣ್ಣಿಗೆ ಕಟ್ಟಿತು. ಮುದ್ದು ಎಂದುಬಿಟ್ಟೆ. ಆ ಕಡೆಯಿಂದ ಜೋರು ನಗು. ಅವರ ಕಡೆ ಆ ಮಾತಿಗೆ ಅಳು ಎಂದೇ ಅರ್ಥವಂತೆ.

ಶಬ್ದವೊಂದು ಹೀಗೆ ಕಾಲಿಗೆ ತೊಡರಿದರೆ ನನಗೆ ಕೆಲಸ ಓಡುವುದಿಲ್ಲ. ಕಂಪನಿಯ ಕಂಪ್ಯೂಟರಿನಲ್ಲೇ ಹಳೆಯ ಸ್ಕಾಟ್ಸ್ ಭಾಷೆಯ ನಿಘಂಟು ತೆರೆದು ಕೂತೆ. ಹಳೆಯ ಕಾಲದಲ್ಲಿ ಇವು ಎರಡು ಬೇರೆ ಬೇರೆ ಕ್ರಿಯಾಪದಗಳು. ಒಂದಕ್ಕೆ ಅಳು, ಗೋಳಾಡು ಎಂಬ ಅರ್ಥ. ಇನ್ನೊಂದಕ್ಕೆ ಬಳಿ ಹೋಗು, ಮಾತಿಗೆ ಕರೆ ಎಂಬ ಅರ್ಥ. ಉಚ್ಚಾರಣೆ ಸವೆದು ಸವೆದು ಎರಡೂ ಒಂದೇ ಆದವು. ತೆಂಕಣ ಇಂಗ್ಲಿಷಿನವರು ಅಳುವನ್ನು ಬಿಟ್ಟು ನಮಸ್ಕಾರ ಉಳಿಸಿಕೊಂಡರು. ಸ್ಕಾಟರು ಅಳುವನ್ನು ಬಿಟ್ಟುಕೊಡಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಎರಡರ ಬೇರೂ ಒಂದೇ ಇರಬಹುದು, ಒಬ್ಬರ ಬಾಯಿಂದ ದನಿ ಹೊರಡಿಸುವುದೇ ಮೊದಲಿನ ಅರ್ಥವಾಗಿರಬಹುದು ಎನ್ನುವ ಪಂಡಿತರೂ ಇದ್ದಾರೆ. ಓದಿ ಖುಷಿಪಟ್ಟು ಮರೆತೆ.

ಆ ವರ್ಷವೇ ಮೋರಾಗ್ ಕೆಲಸದ ಮೇಲೆ ಬೆಂಗಳೂರಿಗೆ ಬಂದಳು. ಒಂದು ಸಂಜೆ ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಸರ್ಜಾಪುರ ರಸ್ತೆಯ ಒಳಗೆ, ಹಳ್ಳಿ ಇನ್ನೂ ಅಷ್ಟಿಷ್ಟು ಹಳ್ಳಿಯಾಗಿಯೇ ಉಳಿದಿದ್ದ ಒಂದು ಬೀದಿಯಲ್ಲಿ ನಾವು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆಯ ಒಡತಿ ಮುನಿರತ್ನಮ್ಮ ಮತ್ತು ಅವರ ಅಕ್ಕ. ಅಕ್ಕ ತಂಗಿ ಇಬ್ಬರನ್ನೂ ಅಣ್ಣ ತಮ್ಮಂದಿರಿಗೆ ಕೊಟ್ಟು ಒಂದೇ ಮನೆ ತುಂಬಿಸಿದ್ದರು. ಗಂಡಂದಿರು ಹೋಗಿ, ರಾಗಿ ಹೊಲ ಹೋಗಿ, ಹೊಲದ ಜಾಗದಲ್ಲಿ ಬಾಡಿಗೆ ಮನೆಗಳೆದ್ದರೂ ಇಬ್ಬರೂ ಅದೇ ಅಡುಗೆಮನೆಯಲ್ಲಿ ದಿನವಿಡೀ ಕಚ್ಚಾಡುತ್ತ ಸುಖವಾಗಿದ್ದರು. ಆ ವಾರ ಅಕ್ಕ ಮಲಗಿದಲ್ಲೇ ತೀರಿಕೊಂಡರು.

ಮಣ್ಣಿಗೆ ಹೋಗಿ ಬಂದಿದ್ದೆ. ಆದರೆ ಮುನಿರತ್ನಮ್ಮನ ಎದುರು ಕೂತು ಮಾತಾಡಿಸಿರಲಿಲ್ಲ. ಊಟ ಇನ್ನೊಂದು ದಿನ ಇಟ್ಟುಕೊಳ್ಳೋಣ ಎಂದು, ಹೋಟೆಲಿಗೆ ಹೋಗುವ ದಾರಿಯಲ್ಲಿ ನನ್ನನ್ನು ಮನೆಗೆ ಬಿಡಲು ಬರುತ್ತಿದ್ದ ಮೋರಾಗ್‌ಗೆ ಕಾರಿನಲ್ಲಿ ಹೇಳುತ್ತ, ಕನ್ನಡದಲ್ಲಿ ಯೋಚಿಸಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿ, ಸಾವಿನ ಮನೆಯವರನ್ನು ‘ಗ್ರೀಟ್’ ಮಾಡಬೇಕು ಎಂದೆ.

“ಯಾವ ಗ್ರೀಟ್? ನಿಮ್ಮದೋ ನಮ್ಮದೋ?” ಎಂದಳು ಅವಳು.

ಯಾರಾದರೂ ಸತ್ತಾಗ ನಾವು ‘ಮಾತಾಡಿಸಿಕೊಂಡು ಬರೋಣ’ ಎನ್ನುತ್ತೇವೆ. ದುಃಖದಲ್ಲಿರುವವರಿಗೆ ನಾವು ಹೇಳುವುದು ಏನಿರುತ್ತದೆ? ಅವರ ಬಾಯಿಂದ ಮಾತು ಹೊರಡಿಸಬೇಕು, ಅಷ್ಟೇ. ಮಾತಾಡು ಎಂಬುದಕ್ಕೆ ಅಂಟಿಕೊಂಡ ಆ ಒಂದು ‘ಇಸು’ವಿನಲ್ಲಿ ಎಷ್ಟು ಕರುಣೆ! ಹೀಗೆಲ್ಲ ವಿವರಿಸುವಷ್ಟರಲ್ಲಿ ಮನೆ ಬಂತು. “ನಾನೂ ಬರಲೇ?” ಎಂದಳು.

ಒಳಗೆ ಚಾಪೆಯ ಮೇಲೆ ನಾಲ್ಕಾರು ಹೆಂಗಸರು. ಮುನಿರತ್ನಮ್ಮ ಮಾತ್ರ ಒಂದು ಕಡೆ ಕೂರುತ್ತಿಲ್ಲ. ಕುರ್ಚಿ ಸರಿಸುತ್ತಾರೆ, ಮಡಿಸಿದ ಸೀರೆಯನ್ನೇ ಮತ್ತೆ ಮಡಿಸುತ್ತಾರೆ. “ಒಂದ್ ತೊಟ್ಟು ಕಣ್ಣೀರು ಆಕ್ಲಿಲ್ಲ ಕಣಮ್ಮ. ಅತ್ತಿದ್ರೆ ಅಗುರಾಗ್ತಿತ್ತು. ಇಂಗೇ ಇದ್ರೆ ಏನ್ ಗತಿ?” ಎಂದು ನೆಂಟರ ಹೆಂಗಸೊಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಮೂರು ದಿನದಿಂದ ಅನ್ನವೂ ಮುಟ್ಟಿರಲಿಲ್ಲವಂತೆ.

ನಾನು “ಆಂಟಿ...” ಎನ್ನುವಷ್ಟರಲ್ಲಿ ಮೋರಾಗ್ ಮುಂದೆ ಹೋಗಿ ಮುನಿರತ್ನಮ್ಮನ ಎರಡೂ ಕೈ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ, ಅಳು ಬಂತು.

ಮುನಿರತ್ನಮ್ಮ ಗಾಬರಿಯಾದರು. “ಯಾಕಮ್ಮ ಈಯಮ್ಮ ಅಳ್ತಾ ಅವ್ಳೆ? ನಮ್ಮಕ್ಕುನ್ನ ಕಂಡಿದ್ಲಾ? ಕೇಳು.”

ಕೇಳಿದೆ. ಕಳೆದ ಚಳಿಗಾಲದಲ್ಲಿ ಅವಳ ಅಪ್ಪ ತೀರಿಕೊಂಡಿದ್ದ. ಅಂತ್ಯಸಂಸ್ಕಾರ ಮುಗಿಸಿ ಸೋಮವಾರ ಆಫೀಸಿಗೆ ಬಂದಿದ್ದಳು. ನಮ್ಮೊಡನೆ ಫೋನಿನಲ್ಲಿ ಎಂದಿನಂತೆಯೇ ಮಾತಾಡಿದ್ದಳು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಮನೆಗೆ ಯಾರೂ ಬಂದಿರಲಿಲ್ಲವಂತೆ. ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

“ಒಬ್ರೂನೂ ಬರ್ಲಿಲ್ವಾ?”

“ಎಲ್ಲರೂ ಕಾರ್ಡ್ ಕಳಿಸಿದ್ರಂತೆ ಆಂಟಿ.”

“ಕಾರ್ಡ್ ತಬ್ಕೊಂಡು ಅಳಕಾಯ್ತದಾ?” ಎಂದವರೇ ಮುನಿರತ್ನಮ್ಮ ಆ ಎತ್ತರದ ಹೆಂಗಸನ್ನು ಚಾಪೆಯ ಮೇಲೆ ಕೂರಿಸಿ, ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. “ಅಯ್ಯೋ ನನ್ ಕೂಸೇ, ನಿಮ್ಮಪ್ಪ ಎಂಗಿದ್ನೋ ಏನೋ...” ಎಂದು ತಾವು ಕಾಣದ ಆ ಅಪ್ಪನಿಗಾಗಿ ರಾಗ ಎತ್ತಿದರು. ಎರಡು ಸಾಲು ಆಗಿತ್ತೋ ಇಲ್ಲವೋ, ದನಿ ಮುರಿಯಿತು. “ಅಕ್ಕಾ, ನನ್ನ ಒಬ್ಳೇ ಬುಟ್ಟು ಓದ್ಯಲ್ಲೇ!” ಚಾಪೆಯ ಮೇಲಿದ್ದವರೆಲ್ಲ ಸೆರಗು ಬಾಯಿಗೆ ಹಿಡಿದರು. ನಾನು ಭಾಷಾಂತರ ನಿಲ್ಲಿಸಿದೆ. ಬೇಕಾಗಿಯೂ ಇರಲಿಲ್ಲ.

ಆ ಸಂಜೆ ಪಕ್ಕದ ಮನೆಯಿಂದ ಬಂದ ಅನ್ನ ಸಾರನ್ನು ಇಬ್ಬರೂ ಒಟ್ಟಿಗೆ ಕೂತು ಉಂಡರು. ಹೊರಡುವಾಗ ಮುನಿರತ್ನಮ್ಮ, “ಇವ್ಳ ಅವ್ವ ಬದ್ಕವ್ಳಾ ಕೇಳು. ಇದ್ರೆ ಓಗಿ ನಾಕ್ ದಿನ ಜೊತೇಲಿದ್ದು ಬರಕ್ ಯೋಳು” ಎಂದರು. ಮೋರಾಗ್ ಊರಿಗೆ ಮರಳಿದವಳೇ ರಜೆ ಹಾಕಿ ತಾಯಿಯ ಮನೆಗೆ ಹೋದಳು. ಅಮ್ಮನೂ ನಾನೂ ಅಪ್ಪನ ಅಂಗಿಗಳನ್ನು ಮಡಿಸುತ್ತ ಮನಸಾರೆ ಅತ್ತೆವು, ಆಮೇಲೆ ಅವನ ಕೆಟ್ಟ ಟೈಗಳನ್ನು ನೋಡಿ ನಕ್ಕೆವು ಎಂದು ಫೋನಿನಲ್ಲಿ ಹೇಳಿದಳು.

ತಿಥಿಯಾದ ಮೇಲೆ ಒಂದು ಭಾನುವಾರ ಮುನಿರತ್ನಮ್ಮ ಮೊದಲ ಸಲ ಮಹಡಿ ಹತ್ತಿ ಬಂದರು. ನೇರ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಬೆರಳಲ್ಲಿ ನಾಲಿಗೆಗೆ ಮುಟ್ಟಿಸಿ ನೋಡಿ, “ಇದೇನ್ ಸಾರಾ? ಬರೀ ಉಣಸೇಹಣ್ಣು! ಅಡ್ಗೆ ಕಲಿಸ್ದೋರು ಯಾರು ನಿಂಗೆ?” ಎಂದು ಬೈದರು. ನಮ್ಮಮ್ಮನ ಸಾರು ಹೀಗೆಯೇ ಎಂದು ನಾನೂ ಬಿಡದೆ ವಾದಿಸಿದೆ. ಸುಮಾರು ಹೊತ್ತು ಜಗಳವಾಯಿತು. ಅವರ ಮುಖದಲ್ಲಿ ನಿಧಾನವಾಗಿ ಬಣ್ಣ ಬಂತು. ಮೆಟ್ಟಿಲಿಳಿಯುವಾಗ ತಿರುಗಿ, “ನಾಳೀಕೂ ಬತ್ತೀನಿ” ಎಂದರು.

ಮಾರನೆಯ ದಿನ ಸಾರಿಗೆ ಹುಣಸೆಹಣ್ಣನ್ನು ಇನ್ನೂ ಒಂದಿಷ್ಟು ಹೆಚ್ಚಾಗಿಯೇ ಹಾಕಿಟ್ಟೆ.