ಕೇಸು ಯಾರ ಮನೆಯದು

ಇಂಗ್ಲಿಷ್ ಓದಿದವರು ಯಾರೂ ಇಲ್ಲದಿದ್ದರೂ ನಮ್ಮ ಮಧುವನಹಳ್ಳಿಯಲ್ಲಿ ಕೇಸು ಅನ್ನುವ ಮಾತು ಹಸುಗೂಸಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಂತೂ ಅದಕ್ಕೆ ಒಂದೇ ಅರ್ಥ: ಗದ್ದೆಯ ಬದುವಿನ ಹುಣಸೆಮರ. ಅದು ಯಾರದು ಅಂತ ತಾತನಿಗೂ ಎದುರು ಮನೆಯ ಅವನ ದಾಯಾದಿ ತಮ್ಮನಿಗೂ ಕೊಳ್ಳೇಗಾಲದ ಕೋರ್ಟಿನಲ್ಲಿ ವ್ಯಾಜ್ಯ. ಮರದಲ್ಲಿ ಹಣ್ಣು ಉದುರಿ ಹಾಳಾಗುತ್ತಿತ್ತು. ಎರಡೂ ಮನೆಯವರು ಸಂತೆಯಲ್ಲಿ ಹುಣಸೆಹಣ್ಣು ಕೊಳ್ಳುತ್ತಿದ್ದೆವು. ಆ ಮನೆಯ ಚಿಕ್ಕಜ್ಜಿ ನಮ್ಮ ಹೊಸ್ತಿಲು ತುಳಿಯುವಂತಿರಲಿಲ್ಲ, ನಾವು ಅವಳದ್ದು ತುಳಿಯುವಂತಿರಲಿಲ್ಲ.

ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಅಡ್ಡ ತಿರುಗಿದೆ, ನನ್ನ ಕೈಲಿ ಆಗುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಅಪ್ಪ ಕೊಳ್ಳೇಗಾಲಕ್ಕೆ ಓಡಿದ. ನರ್ಸಮ್ಮನನ್ನು ಜಟಕಾ ಹತ್ತಿಸಿ ಮುಂದೆ ಕಳಿಸಿ, ತಾನು ಔಷಧಿ ಅಂಗಡಿಯಲ್ಲಿ ನಿಂತ.

ನಾವಾಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವರು. ನರ್ಸಮ್ಮ ಆ ಕಡೆಯ ತಮಿಳಿನವಳು. ಬರುತ್ತಿದ್ದ ಕನ್ನಡ ಒಂದು ಬೊಗಸೆಯಷ್ಟು. ಕೈಯಲ್ಲಿ ವಕೀಲರ ಬಳಿ ಇರುವಂಥ ಚರ್ಮದ ಪೆಟ್ಟಿಗೆ. ಅದಕ್ಕೂ ಕೇಸು ಅಂತಲೇ ಹೆಸರು ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಜಗಲಿಯಲ್ಲಿದ್ದ ತಾತನನ್ನು ಆಕೆ ಕೇಳಿದಳು:

"ಕೇಸು ಈ ಮನೇದಾ?"

ಜೊತೆಗೆ ಅಪ್ಪ ಇಲ್ಲ, ಕೈಯಲ್ಲಿ ವಕೀಲರ ಪೆಟ್ಟಿಗೆ. ಸ್ವರಾಜ್ಯ ಬಂದ ಮೇಲೆ ಕೋರ್ಟಿನವರು ಹೆಂಗಸರನ್ನೂ ಕಳಿಸುತ್ತಾರೆ ಎಂದುಕೊಂಡು ತಾತ ಮರ್ಯಾದೆಯಿಂದ ಎದ್ದು ನಿಂತ.

"ಕೇಸು ಆಕಿರೋರು ನಾವಲ್ಲ ಕಣವ್ವ, ಎದ್ರು ಮನೆಯವ್ರು."

"ಶುರುವಾಗಿ ಎಷ್ಟು ಹೊತ್ತಾಯ್ತು?"

"ಒತ್ತಾ? ನಮ್ಮಪ್ಪನ ಕಾಲದ್ದು."

ಹಿತ್ತಲ ಕಡೆ ನೀರು ಕಾಯಿಸುತ್ತಿದ್ದ ನನಗೆ ಇದೊಂದೂ ಕೇಳಿಸಲಿಲ್ಲ. ಆಮೇಲೆ ಜಟಕಾದವನು ಊರಿಗೆಲ್ಲ ಹೇಳಿಕೊಂಡು ಬಂದದ್ದು. ಮುದುಕನಿಗೆ ಗಾಬರಿಯಲ್ಲಿ ಬುದ್ಧಿ ಕೆಟ್ಟಿರಬೇಕು ಎಂದುಕೊಂಡು ನರ್ಸಮ್ಮ ಎದುರು ಮನೆಯ ಬಾಗಿಲು ತಟ್ಟಿದಳು. ಆಕೆ ಬಂದದ್ದು ಅಕ್ಕನ ಹೆರಿಗೆಗೆ ಎಂದು ಚಿಕ್ಕಜ್ಜಿಗೆ ನೋಡಿದ ಕೂಡಲೇ ಗೊತ್ತಾಯಿತು. ಗಂಡನನ್ನು ಒಂದು ಮಾತೂ ಕೇಳದೆ, ನರ್ಸಮ್ಮನ ಪೆಟ್ಟಿಗೆಯನ್ನು ತಾನೇ ಹಿಡಿದು ಬೀದಿ ದಾಟಿದಳು. ಬಾಗಿಲಿಗೆ ಅಡ್ಡ ನಿಂತಿದ್ದ ತಾತನಿಗೆ ಹೇಳಿದಳು:

"ಕೇಸು ನಿಮ್ ಮನೇದೆ ಭಾವ. ವಸಿ ಜರುಗಿ."

ತಾತ ಜರುಗಿದ. ಚಿಕ್ಕಜ್ಜಿ ಒಳಗೆ ಬಂದು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಪ್ಪ ಔಷಧಿ ತಂದ. ನಾನು ಹಂಡೆಗೆ ನೀರು ಹೊಯ್ಯುತ್ತಲೇ ಇದ್ದೆ, ಅಕ್ಕನ ದನಿ ಕುಗ್ಗುತ್ತಲೇ ಇತ್ತು. ಹೊತ್ತು ಇಳಿಯುವಾಗ ಮಗು ಅತ್ತಿತು. ಹೆಣ್ಣು. ಅಕ್ಕನೂ ಉಳಿದಳು.

ಜಗಲಿಯಲ್ಲಿ ಪೆಟ್ಟಿಗೆ ಮುಚ್ಚುತ್ತ ನರ್ಸಮ್ಮ, "ಕಷ್ಟದ ಕೇಸು. ಮುಗೀತು" ಎಂದಳು. ಆ ಮಾತು ಕೇಳಿ ಈ ಜಗಲಿಯಲ್ಲಿ ತಾತ, ಆ ಜಗಲಿಯಲ್ಲಿ ಅವನ ತಮ್ಮ, ಇಬ್ಬರೂ ಒಟ್ಟಿಗೆ ಎದ್ದು ನಿಂತರು.

ಬಾಣಂತನದ ದಿನಗಳಲ್ಲಿ ಚಿಕ್ಕಜ್ಜಿ ದಿನಾ ಬಂದು ಮಗುವಿಗೆ ನೀರೆರೆದು ಹೋಗುತ್ತಿದ್ದಳು. ಹುಣಸೆಮರದ ಕೇಸು ತನ್ನ ಪಾಡಿಗೆ ತಾನು ನಡೆದಿತ್ತು. ಮುಂದಿನ ವಾಯಿದೆಯ ದಿನ ಕೋರ್ಟಿಗೆ ಹೋದಾಗ ತಾತ ವಕೀಲರನ್ನು ಕೇಳಿದನಂತೆ:

"ಆ ನರ್ಸಮ್ಮ ಒಂದೇ ದಿನಕ್ಕೆ ಕೇಸು ಮುಗಿಸಿ ಒಂಟೋದ್ರು ಸಾ. ನಮ್ದೂ ಅವ್ರಿಗೇ ಕೊಟ್ಬುಡಾದಾ?"

ವಕೀಲರು ನಕ್ಕು, ಇನ್ನೊಂದು ವಾಯಿದೆ ಹೇಳಿದರು.