ಬುಟ್ಟಿಗೆ ಮರಳಿದ ರೊಟ್ಟಿ

ಆ ರೊಟ್ಟಿಯನ್ನು ಬುಟ್ಟಿಗೆ ಹಾಕಿದವಳು ನಾನು. ರಮಾಬಾಯಿ ಅಲ್ಲ. ಬೀದರಿನ ನೌಬಾದಿನ ನಮ್ಮ ಖಾನಾವಳಿಯಲ್ಲಿ ಒಬ್ಬರು ತಾಟಿನಲ್ಲಿ ಬಿಟ್ಟೆದ್ದ ರೊಟ್ಟಿಯನ್ನು ಇನ್ನೊಬ್ಬರಿಗೆ ಬಡಿಸುತ್ತಿದ್ದವಳು ನಾನೇ — ಒಂದು ಸಲ ಅಲ್ಲ, ಕೈತಪ್ಪಿ ಅಲ್ಲ, ದಿನಾಲೂ, ಗೊತ್ತಿದ್ದೂ ಗೊತ್ತಿದ್ದೂ. ಸಿಕ್ಕಿಬಿದ್ದ ದಿನ ಆ ಹೊಲಸನ್ನೆಲ್ಲ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ರಮಾಬಾಯಿಯ ಮೈಮೇಲೆ ಸುರುವಿದವಳೂ ನಾನೇ.

ಊಟ ಮಾಡುತ್ತ ಇದನ್ನು ಓದುತ್ತಿದ್ದರೆ ಮೊದಲು ಊಟ ಮುಗಿಸಿ ಬನ್ನಿ. ಮುಂದಿನದು ಬರೆಯುವಾಗ ನನಗೇ ವಾಕರಿಕೆ ಬರುತ್ತಿದೆ.

ನಾನು ಉಳಿತಾಯಕ್ಕೆ ಹೆಸರಾದವಳು. ಚಿದ್ರಿಯ ನಮ್ಮ ಓಣಿಯಲ್ಲಿ ಯಾವ ಮನೆಯ ಖರ್ಚು ಕೈಮೀರಿದರೂ ಹೆಂಗಸರು ನನ್ನ ಬಳಿ ಬರುತ್ತಿದ್ದರು. ಟೂತ್‌ಪೇಸ್ಟ್ ಮುಗಿದ ಮೇಲೆ ಕೊಳವೆಯನ್ನು ಕತ್ತರಿಯಿಂದ ಸೀಳಿ ವಾರ ದಾಟಿಸುವುದು, ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಒತ್ತಿ ಅಂಟಿಸುವುದು, ಒಂದೇ ಕುಕ್ಕರಿನಲ್ಲಿ ಅನ್ನ ಬ್ಯಾಳಿ ಎರಡನ್ನೂ ಕೂಡಿಸಿ ಇಡುವುದು, ಬ್ಯಾಳಿ ತೊಳೆದ ನೀರು ಕರಿಬೇವಿನ ಗಿಡಕ್ಕೆ ಹಾಕುವುದು — ಇವೆಲ್ಲ ನನ್ನಿಂದ ಕಲಿತವರಿದ್ದಾರೆ. ಖಾಲಿ ಒಲೆಯ ಮೇಲೆ ಗ್ಯಾಸು ಉರಿಯುವುದನ್ನು ಕಂಡರೆ ನನ್ನ ಹೊಟ್ಟೆಯೊಳಗೇ ಉರಿದಂತಾಗುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ನಾನು ಚಾಚುವುದೂ ಬೇಡವೆಂದು ಮಂಡಿ ಮಡಚಿ ಮಲಗುವವಳು! ಇದರಲ್ಲಿ ತಪ್ಪೇನೂ ಇರಲಿಲ್ಲ. ಇವತ್ತಿಗೂ ಮಾಡುತ್ತೇನೆ. ನನ್ನ ಮನೆಯ ಸಾಬೂನಿನ ಚೂರು ನನ್ನ ಮೈಗೇ ತಾನೆ ಹತ್ತುವುದು.

ಯಜಮಾನರ ಕೆಲಸ ಹೋದ ಮೇಲೆ ನೌಬಾದಿನಲ್ಲಿ ಖಾನಾವಳಿ ಹಾಕಿದೆವು. ಅವರು ಗಲ್ಲೆಯ ಮುಂದೆ, ನಾನು ಬಡಿಸುವುದಕ್ಕೆ. ಆಫೀಸುಗಳಲ್ಲಿ ಕೆಲಸ ಮಾಡುವವರು, ಸರ್ಕಾರಿ ಕಾಗದಪತ್ರಕ್ಕೆಂದು ಭಾಲ್ಕಿ, ಔರಾದಿನಿಂದ ಬಸ್ಸು ಹಿಡಿದು ಬಂದವರು ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಿದ್ದರು. ಜೋಳದ ರೊಟ್ಟಿ ಹೊಟ್ಟೆ ತುಂಬ. ಎಷ್ಟು ಕೇಳಿದರೂ ಹಾಕಬೇಕು. ಬ್ಯಾಡ ಬ್ಯಾಡ ಎಂದರೂ ಇನ್ನೊಂದು ಹಾಕುವುದು ನಮ್ಮ ಕಡೆಯ ಮರ್ಯಾದೆ. ಬ್ಯಾಡ ಎಂದವರು ಅದನ್ನು ಹಾಗೇ ಬಿಟ್ಟು ಕೈ ತೊಳೆಯುವುದೂ ಅಷ್ಟೇ ಖಾತ್ರಿ. ಹೀಗೆ ಉಳಿದ ರೊಟ್ಟಿ ಸಂಜೆಗೆ ಬಕೆಟ್ಟು ತುಂಬಿ ಪಕ್ಕದ ಓಣಿಯ ಎಮ್ಮೆಗಳಿಗೆ ಹೋಗುತ್ತಿತ್ತು. ಎಣ್ಣೆ ತುಟ್ಟಿ, ಸಿಲಿಂಡರ್ ತುಟ್ಟಿ, ಬಾಡಿಗೆ ಬೇರೆ — ಆ ಬಕೆಟ್ಟಿನ ರೊಟ್ಟಿಗಳನ್ನು ನಾನು ದಿನಾಲೂ ಎಣಿಸುತ್ತಿದ್ದೆ.

ನಾವು ಶರಣರನ್ನು ನಂಬಿದ ಮನೆಯವರು. ನಮ್ಮ ಅತ್ತೆಯವರು ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಬಳಿದು, ಆ ನೀರನ್ನೂ ಕುಡಿಯುತ್ತಿದ್ದರು. ಪ್ರಸಾದ ಕೆಡಿಸಬಾರದು ಎನ್ನುವುದು ಅವರ ನೇಮ. ಖಾನಾವಳಿಯ ಗೋಡೆಗೂ ‘ಪ್ರಸಾದ ಕೆಡಿಸಬೇಡಿ’ ಎಂದು ಬರೆಸಿದ್ದೆ. ಯಾರೂ ಮುಟ್ಟದೆ ಬಿಟ್ಟ ರೊಟ್ಟಿಯನ್ನು ಮೊದಲ ಸಲ ಬುಟ್ಟಿಗೆ ಮರಳಿಸಿದಾಗ ಅತ್ತೆಯವರ ಆ ಮಾತೇ ನನ್ನ ಬಾಯಲ್ಲಿತ್ತು. ಎಂಥ ಕಳ್ಳಬುದ್ಧಿ ನೋಡಿ — ಅವರು ಕುಡಿದದ್ದು ತಮ್ಮ ತಾಟಿನ ನೀರು. ನಾನು ಮಾರಿದ್ದು ಮಂದಿಯ ತಾಟಿನ ಎಂಜಲು. ಅದನ್ನು ಪ್ರಸಾದ ಎಂದು ಕರೆದೆ!

ಮುಟ್ಟದ ರೊಟ್ಟಿಯಿಂದ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಅರ್ಧ ಮುರಿದದ್ದನ್ನು ಅಂಚು ಹರಿದು ಹಂಚಿನ ಮೇಲೆ ಬಿಸಿ ಮಾಡಿದೆ. ಬಟ್ಟಲಲ್ಲಿ ಉಳಿದ ಮೊಸರನ್ನು ಗಡಿಗೆಗೆ ಸುರುವಿದೆ. ಹಿಂಡದ ನಿಂಬೆಹೋಳು, ಉಳ್ಳಾಗಡ್ಡಿಯ ಹೋಳು ತೊಳೆದಿಟ್ಟೆ. ತೀರಾ ಚೂರುಚಾರು ಆದ ರೊಟ್ಟಿಯನ್ನು ಪುಡಿ ಮಾಡಿ, ಮರುದಿನ ಮುಂಜಾನೆ ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟು ನಾಷ್ಟಾ ಎಂದು ಮಾರಿದೆ. ಅದಕ್ಕೆ ಗಿರಾಕಿಗಳು ಕಾಯುತ್ತಿದ್ದರು. ‘ಏನ್ ರುಚಿ ಅದರೀ’ ಎನ್ನುತ್ತಿದ್ದರು. ನಾನು ಸೆರಗು ಹೊದ್ದು ನಗುತ್ತಿದ್ದೆ — ಆ ನಗುವನ್ನು ನೆನೆದರೆ ಈಗ ನನ್ನ ಮುಖವನ್ನು ನಾನೇ ಪರಚಿಕೊಳ್ಳಬೇಕು ಅನಿಸುತ್ತದೆ.

ಇದನ್ನೆಲ್ಲ ಕಂಡವಳು ರಮಾಬಾಯಿ ಒಬ್ಬಳೇ. ಔರಾದ ಕಡೆಯವಳು, ಬೌದ್ಧರಾದ ದಲಿತರ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬೀದರಿಗೆ ಬಂದು ರೊಟ್ಟಿಯ ಮೇಲೆಯೇ ಬದುಕು ಕಟ್ಟಿಕೊಂಡಿದ್ದಳು. ಹಗಲು ನಮ್ಮಲ್ಲಿ; ಲಗ್ನದ ಕಾಲ ಬಂದರೆ ಮನೆಮನೆಯಿಂದ ಆರ್ಡರು. ಅವಳು ಬಡಿದ ರೊಟ್ಟಿ ಕಾಗದದಷ್ಟು ತೆಳ್ಳಗೆ. ಅವಳಿಗೆ ನಾನು ಬೇರೆ ಲೋಟ ಇಟ್ಟಿರಲಿಲ್ಲ. ನನ್ನ ಲೋಟದಲ್ಲೇ ಅವಳೂ ಚಹಾ ಕುಡಿಯುತ್ತಿದ್ದಳು. ಜಾತಿ ಗೀತಿ ನಮ್ಮಲ್ಲಿಲ್ಲ ಎಂದು ನನಗೆ ಭಾರೀ ಹೆಮ್ಮೆ. ನಾನು ರೊಟ್ಟಿ ಮರಳಿಸುವುದನ್ನು ನೋಡಿದಾಗ ಅವಳು ಒಂದೇ ಸಲ ಬಾಯಿ ಬಿಟ್ಟಿದ್ದಳು.

“ಅಕ್ಕಾರ, ಅದು ಎಮ್ಮಿಗೆ ಹಾಕ್ರಿ. ಮಂದೀಗಿ ಬ್ಯಾಡರಿ.”

“ಎಮ್ಮಿ ರೊಕ್ಕ ಕೊಡ್ತದೇನು?” ಎಂದಿದ್ದೆ. ಅಂದಿನಿಂದ ಅವಳು ನಮ್ಮಲ್ಲಿ ಉಣ್ಣುವುದನ್ನು ಬಿಟ್ಟಳು. ಮನೆಯಿಂದ ಬುತ್ತಿ ತರತೊಡಗಿದಳು. ಒಳ್ಳೆಯದೇ ಆಯಿತು, ಒಂದು ಊಟ ಉಳಿಯಿತು ಎಂದುಕೊಂಡೆ ನಾನು.

ಸಿಕ್ಕಿಬಿದ್ದದ್ದು ಶಿವರಾಜಪ್ಪನವರ ತಾಟಿನಲ್ಲಿ. ಭಾಲ್ಕಿಯಲ್ಲಿ ಅವರದು ದೊಡ್ಡ ಕಿರಾಣಿ ಅಂಗಡಿ. ಮಾಲು ಒಯ್ಯಲು ಬೀದರಿಗೆ ಬಂದಾಗೆಲ್ಲ ನಮ್ಮಲ್ಲೇ ಊಟ. ಯಜಮಾನರ ಹಳೆಯ ಸ್ನೇಹಿತರು. ಅವತ್ತು ಪಂಕ್ತಿ ತುಂಬಿತ್ತು. ನಾನು ಹಾಕಿದ ರೊಟ್ಟಿಯನ್ನು ಅವರು ಬಿಡಿಸಿದರೆ, ಮಡಿಕೆಯೊಳಗೆ ಒಂದು ಹಸಿಮೆಣಸಿನಕಾಯಿ. ಅರ್ಧ ಕಡಿದದ್ದು. ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು.

ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ವೈನಿಯವರ, ಇದೇನ್ರಿ? ಯಾರದೋ ಎಂಜಲಾ ನನಗ ಹಾಕಿರೇನು?”

ಎಲ್ಲರ ಕೈಯೂ ತಾಟಿನ ಮೇಲೆ ನಿಂತಿತು. ಆ ಗಳಿಗೆಯಲ್ಲಿ ನಾನು ‘ತಪ್ಪಾಯ್ತು’ ಎಂದಿದ್ದರೆ — ಇಲ್ಲ, ಅನ್ನಲಿಲ್ಲ. ನಾನು ಅಂದದ್ದು ಇದು:

“ನಾ ಅಲ್ರೀ ಅಣ್ಣಾರ. ಹಿಂದ ಕೆಲಸಕ್ಕ ಇದ್ದಾಳಲ್ಲ, ರಮಾಬಾಯಿ — ಆಕಿದೇ ಕೆಲಸ. ಅವರ ಮಂದೀಗಿ ಎಂಜಲು ಮುಸುರಿ ಅಂದ್ರ ಏನೂ ಅನಸಂಗಿಲ್ರಿ.”

ಅವರ ಮಂದಿ! ಬಾಯಿಂದ ಎಷ್ಟು ಸಲೀಸಾಗಿ ಬಂತು. ಒಂದೇ ಲೋಟದಲ್ಲಿ ಚಹಾ ಕುಡಿಸಿ ಹೆಮ್ಮೆಪಡುತ್ತಿದ್ದವಳ ಬಾಯಿಂದ. ಆ ಮಾತನ್ನು ನಾನು ಹುಡುಕಬೇಕಾಗಲಿಲ್ಲ. ಉಪ್ಪಿನ ಡಬ್ಬಿಯ ಹಾಗೆ ಕೈಗೆ ಸಿಗುವಲ್ಲೇ ಇತ್ತು. ಮತ್ತು ಅದನ್ನು ಎಲ್ಲರೂ ನಂಬಿದರು. ಒಬ್ಬರೂ ‘ಹೌದಾ’ ಎಂದು ಎರಡನೆಯ ಸಲ ಕೇಳಲಿಲ್ಲ. ನಂಬುತ್ತಾರೆ ಎಂದು ಗೊತ್ತಿದ್ದೇ ನಾನು ಅದನ್ನು ಅಂದೆ — ಇದನ್ನು ಒಪ್ಪಿಕೊಳ್ಳದಿದ್ದರೆ ಉಳಿದದ್ದನ್ನೆಲ್ಲ ಒಪ್ಪಿಕೊಂಡೂ ಪ್ರಯೋಜನವಿಲ್ಲ.

ರಮಾಬಾಯಿ ಮರುದಿನ ಬರಲಿಲ್ಲ. ಬಾಕಿ ಪಗಾರ ಕೇಳಲಿಕ್ಕೂ ಬರಲಿಲ್ಲ. ಅದೂ ಉಳಿಯಿತು ನೋಡಿ ನನಗೆ.

ಮುಂದಿನದು ಇನ್ನೂ ಹೇಸಿಗೆಯದು. ಶಿವರಾಜಪ್ಪನವರ ಹೆಂಡತಿ ಭಾಲ್ಕಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದನ್ನು ನಡೆಸುತ್ತಾರೆ. ಮನೆಯ ಖರ್ಚು, ಸಣ್ಣ ವ್ಯಾಪಾರದ ಖರ್ಚು ಹೇಗೆ ಉಳಿಸಬೇಕು ಎಂದು ಮಾತಾಡಲು ನನ್ನನ್ನೇ ಕರೆದರು. ನಾನು ಹೋದೆ. ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ‘ಒಂದು ತುತ್ತೂ ದಂಡ ಮಾಡಬ್ಯಾಡ್ರಿ’ ಎಂದೆ. ಚಪ್ಪಾಳೆ ತಟ್ಟಿ ಶಾಲು ಹೊದಿಸಿದರು. ಒಬ್ಬಾಕೆ ಎದ್ದು, ಕೆಲಸದವರ ಮೇಲೆ ಕಣ್ಣಿಡುವುದು ಹೇಗೆ ಎಂದು ಕೇಳಿದಳು. ಅದಕ್ಕೂ ಉತ್ತರ ಹೇಳಿದೆ. ಆ ಶಾಲು ಪೆಟ್ಟಿಗೆಯಲ್ಲಿ ಕೆಲಕಾಲವಿತ್ತು. ಆಮೇಲೆ ಒಂದು ದಿನ ಅದರಿಂದ ನೆಲ ಒರೆಸಿದೆ.

ಹೋದ ವರ್ಷ ಔರಾದಿನಲ್ಲಿ ಬಂಧುಗಳ ಮನೆಯ ಲಗ್ನ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಿಲಿಗೆ ಹೋದರೆ ರಾಶಿ ಬಿದ್ದ ಎಂಜಲು ತಾಟುಗಳ ನಡುವೆ ರಮಾಬಾಯಿ ಕೂತಿದ್ದಳು. ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಒಲೆಯ ಬಳಿ ಯಾರೋ ಹೆಂಗಸರು ದಪ್ಪದಪ್ಪ ರೊಟ್ಟಿ ಬಡಿಯುತ್ತಿದ್ದರು. ನಾನು ಅಡುಗೆಯವಳಿಗೆ, ಈಕೆ ರೊಟ್ಟಿ ಚಲೋ ಮಾಡುತ್ತಾಳಲ್ಲ, ಇಲ್ಲಿ ಯಾಕೆ ಕೂಡಿಸಿದ್ದೀರಿ ಎಂದು ಕೇಳಿದೆ.

“ಆಕಿಗಿ ಅಡಗಿಗಿ ಹಚ್ಚಂಗಿಲ್ರಿ,” ಎಂದಳು. “ಬೀದರದಾಗ ಖಾನಾವಳಿಗಿ ಬಂದವರಿಗೆಲ್ಲ ಎಂಜಲಾ ತಿನಸ್ಯಾಳಂತ. ಎಲ್ಲರಿಗೂ ಗೊತ್ತದ.”

ನನ್ನದೇ ಮಾತು. ಬೀದರಿನಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಿಗೆ — ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಲಗ್ನದ ಆರ್ಡರು ಒಂದೂ ಇಲ್ಲದೆ ಅವಳು ಈ ತಾಟುಗಳಿಗೆ ಬಂದು ಮುಟ್ಟಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ. “ರಮಾಬಾಯಿ, ಅವತ್ತು ನಾ ಅಂದದ್ದು...” ಎಂದೆ, ಅಳುತ್ತಲೇ.

“ಗೊತ್ತದರಿ ಅಕ್ಕಾರ.” ಅವಳು ತಲೆ ಎತ್ತಲಿಲ್ಲ. “ಹಿಂದಿನ ಬಾಗಲದಾಗ ನಿಂತು ಎಲ್ಲಾ ಕೇಳೀನಿ.”

“ಮತ್ತ ಆಗಲೇ ಯಾಕ ಬಂದು ಹೇಳಲಿಲ್ಲ?”

“ನಾ ಹೇಳಿದ್ರ ಯಾರು ಕೇಳ್ತಿದ್ರು?” ತಾಟನ್ನು ನೀರಿಗೆ ಅದ್ದಿದಳು. “ಈಗ ನನ್ನ ಮುಂದ ಅತ್ತು ಏನ್ ಮಾಡ್ತೀರಿ, ಏಳ್ರಿ. ಯಾರ ಮುಂದ ಅಂದಿದ್ರಿ, ಅವರ ಮುಂದ ಹೇಳ್ರಿ.”

ಯಜಮಾನರಿಗೆ ಹೇಳಿದೆ. “ಹುಚ್ಚಿ ಇದ್ದೀಯೇನು? ಮುಗದ ಮಾತು ಯಾಕ ಕೆದರ್ತಿ? ಖಾನಾವಳಿ ಮುಚ್ಚಸ್ತಿ,” ಎಂದು ಸಿಟ್ಟಿಗೆದ್ದರು. ನನಗೂ ಅದೇ ಹೆದರಿಕೆ. ಆ ಹೆದರಿಕೆಯಲ್ಲೇ ತಿಂಗಳುಗಟ್ಟಲೆ ದಿನ ದೂಡಿದೆ. ಎಂಜಲು ಮರಳಿಸುವುದನ್ನಂತೂ ಔರಾದಿನಿಂದ ಬಂದ ದಿನವೇ ನಿಲ್ಲಿಸಿದ್ದೆ. ಆದರೆ ಅದು ಹೇಳಿದಂತಾಗಲಿಲ್ಲವಲ್ಲ. ಕಡೆಗೆ, ಶಿವರಾಜಪ್ಪನವರು ಊಟಕ್ಕೆ ಕೂತ ಒಂದು ಮಧ್ಯಾಹ್ನ, ಪಂಕ್ತಿಯ ನಡುವೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ರೊಟ್ಟಿ, ಮೊಸರು, ನಾಷ್ಟಾ, ರಮಾಬಾಯಿ — ಒಂದನ್ನೂ ಬಿಡಲಿಲ್ಲ.

ತಾಟು ಎತ್ತಿ ಒಗೆಯುತ್ತಾರೆ ಎಂದುಕೊಂಡಿದ್ದೆ. ಮುಖಕ್ಕೆ ಉಗುಳುತ್ತಾರೆ ಎಂದುಕೊಂಡಿದ್ದೆ. ಇಬ್ಬರು ಎದ್ದು ಹೋದರು, ನಿಜ. ಉಳಿದವರು ಶಿವರಾಜಪ್ಪನವರ ಮುಖ ನೋಡಿದರು. ಅವರು ನಕ್ಕರು. ನನ್ನನ್ನು ಸಮಾಧಾನ ಮಾಡುವ ಧ್ವನಿಯಲ್ಲೇ ಅಂದರು:

“ಇರ್ಲಿ ಬಿಡ್ರಿ ವೈನಿಯವರ, ಅಳಬ್ಯಾಡ್ರಿ. ಎಂಜಲಾದ್ರೂ ನಮ್ಮ ಮಂದೀದೇ ಇತ್ತಲ್ಲ. ಆ ಹೆಣಮಗಳ ಕೈ ರೊಟ್ಟಿ ಅಷ್ಟು ದಿನಾ ಉಂಡೀವಿ ನೋಡ್ರಿ, ಅದಕ್ಕ ಏನಂತೀರಿ? ಆಕಿ ಹೋಗಿದ್ದೇ ಚಲೋ ಆಯ್ತು.”

ಒಂದಿಬ್ಬರು ನಕ್ಕರು. ಯಾರೋ ‘ಖರೆ ಅದ’ ಎಂದರು. ಮೂಲೆಯಲ್ಲಿದ್ದವರು ಇನ್ನೊಂದು ರೊಟ್ಟಿ ಕೇಳಿದರು.

ನಾನು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ. ಇಷ್ಟು ವರ್ಷ ಮಾಡಿದ ಹೊಲಸಿಗೆ ಬಾರದ ವಾಂತಿ ಆ ಸಮಾಧಾನದ ಮಾತಿಗೆ ಬಂತು. ಅವರಿಗೆ ನನ್ನ ಎಂಜಲು ಅಸಹ್ಯವಾಗಲಿಲ್ಲ, ಮೋಸ ಅಸಹ್ಯವಾಗಲಿಲ್ಲ. ಒಬ್ಬ ಹೆಂಗಸಿನ ಶುದ್ಧ ಕೈ ಅಸಹ್ಯವಾಯಿತು. ಅವರನ್ನು ಬೈಯಲು ನನಗೆ ಬಾಯಿಲ್ಲ. ಅವತ್ತು ಆ ಮಾತನ್ನು ತಾಟಿನಲ್ಲಿಟ್ಟು ಕೊಟ್ಟವಳೇ ನಾನು.

ಮರುದಿನದಿಂದ ಶಿವರಾಜಪ್ಪನವರಿಗೆ ಬಡಿಸುವುದನ್ನು ಬಿಟ್ಟೆ. ಯಜಮಾನರು ನನ್ನೊಂದಿಗೆ ಮಾತು ಬಿಟ್ಟರು. ಬಾಕಿ ಪಗಾರ ಕೊಡಲು ಔರಾದಿಗೆ ಹೋದೆ. ರಮಾಬಾಯಿ ಎಣಿಸದೆ ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಪಂಕ್ತಿಯವರ ಮುಂದೆ ಎಲ್ಲ ಹೇಳಿದೆ ಎಂದೆ. ಏನಂದರು ಎಂದು ಅವಳು ಕೇಳಲಿಲ್ಲ. ಕೇಳದೆಯೂ ಅವಳಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಬರುವ ತಿಂಗಳು ಭಾಲ್ಕಿಯ ಸಂಘದಲ್ಲಿ ಹೇಳುವವಳಿದ್ದೇನೆ. ಅಲ್ಲಿಯೂ ನಕ್ಕರೆ, ಇನ್ನೊಂದು ಕಡೆ ಹೇಳುತ್ತೇನೆ.

ಅದಕ್ಕೇ ಇದನ್ನು ನಿಮ್ಮ ಮುಂದೆಯೂ ಬರೆಯುತ್ತಿದ್ದೇನೆ. ನೌಬಾದಿನಲ್ಲಿ ನಮ್ಮ ಖಾನಾವಳಿಯ ರೊಟ್ಟಿ ಉಂಡಿದ್ದರೆ, ನೀವು ಎಂಜಲು ಉಂಡಿದ್ದೀರಿ. ಬಡಿಸಿದವಳು ನಾನು. ಆ ಮನೆಯಲ್ಲಿ ಶುದ್ಧವಾಗಿದ್ದ ಕೈ ರಮಾಬಾಯಿಯದು ಒಂದೇ. ನನ್ನನ್ನು ಕ್ಷಮಿಸಬೇಡಿ. ಕ್ಷಮಿಸುವುದು ನಿಮಗೆ ಎಷ್ಟು ಸುಲಭ ಎಂಬುದನ್ನು ನಾನು ಕಂಡಿದ್ದೇನೆ.