ತಾಯಿಯ ಕಡೆಯ ಹೆಸರು

ಬಹರೈನಿನಲ್ಲಿ ಹತ್ತೊಂಬತ್ತು ವರ್ಷ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆದರು. ಮಂಗಳೂರಿನ ಏಜೆಂಟ್ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಸರ್‌ನೇಮ್ ಎಂಬ ಕಾಲಂ ಖಾಲಿ ಬಿಡಬಾರದೆಂದು ಅಲ್ಲಿ ಅಪ್ಪನ ಹೆಸರು ಬರೆದುಬಿಟ್ಟಿದ್ದ. ಅಲ್ಲಿಂದ ಮುಂದೆ ಬಹರೈನಿನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡು, ಬ್ಯಾಂಕು, ಆಫೀಸಿನ ಮೇಜು, ಎಲ್ಲ ಕಡೆಯೂ ಅವರೇ. ಮುಂಬೈಯನ್ನು ಕೂಡ ನೋಡದ ನನ್ನ ಅಪ್ಪ ಹೀಗೆ ಹಿದ್‌ನ ಶಿಪ್ಪಿಂಗ್ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ನೌಕರಿ ಮಾಡಿದರು. ಸಂಬಳ ಮಾತ್ರ ನಾನು ತೆಗೆದುಕೊಂಡೆ.

ಈ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು ನಮ್ಮ ಮ್ಯಾನೇಜರ್. ನಾನು ಅವರ ಸೆಕ್ರೆಟರಿ. ಅವರನ್ನು ಇಂಗ್ಲೆಂಡಿನವರು ಎಂದರೆ ಸಿಟ್ಟು ಬರುತ್ತಿತ್ತು, ಕಾರ್ನ್‌ವಾಲ್‌ನವರು ಎನ್ನಬೇಕು. ನಕ್ಷೆಯಲ್ಲಿ ಇಂಗ್ಲೆಂಡಿನ ಕೆಳತುದಿಯಲ್ಲಿ ಸಮುದ್ರಕ್ಕೆ ಕಾಲು ಚಾಚಿಕೊಂಡ ಜಾಗ ಅದು. ಅಲ್ಲಿಯ ತವರದ ಗಣಿಗಳು ಮುಚ್ಚಿದಾಗ ಜನ ಎಲ್ಲೆಲ್ಲಿಗೋ ಹೋದರಂತೆ. ಅವರ ಅಜ್ಜನ ಅಣ್ಣನೊಬ್ಬ ಕೋಲಾರದ ಚಿನ್ನದ ಗಣಿಗೆ ಬಂದು ಅಲ್ಲೇ ಮಣ್ಣಾಗಿದ್ದ. ನಾನು ಕರಾವಳಿಯವನು, ಕೋಲಾರವನ್ನು ಈವರೆಗೂ ಕಂಡವನಲ್ಲ. ಆದರೂ ಆ ಗೋರಿಗೆ ದಿನಾ ನಾನೇ ಹೂವಿಡುತ್ತಿದ್ದೇನೆ ಎಂಬಷ್ಟು ಪ್ರೀತಿ ಅವರಿಗೆ ನನ್ನ ಮೇಲೆ.

ಹಿದ್‌ನ ಹೊಸ ಬಂದರು ಶುರುವಾದ ಹೊಸತು. ಕೆಲಸ ಕತ್ತಿನ ತನಕ ಇತ್ತು. ಆದರೆ ಊಟದ ಹೊತ್ತಿಗೆ ಮೀಟಿಂಗ್ ಕೋಣೆಯ ಬಾಗಿಲು ಹಾಕಿ ಅವರು ತಮ್ಮ ವಂಶದ ಚಾರ್ಟ್ ಬಿಡಿಸುತ್ತಿದ್ದರು. ಹನ್ನೆರಡೋ ಹದಿಮೂರೋ ಹಾಳೆಗಳನ್ನು ಟೇಪ್ ಹಚ್ಚಿ ಅಂಟಿಸಿದ್ದು. ನಾನು ಡಬ್ಬಿಯ ಅನ್ನ ಉಣ್ಣುತ್ತ ಪಾಠ ಕೇಳಬೇಕು. ಅವರ ಕಡೆಯ ಅಡ್ಡಹೆಸರುಗಳೆಲ್ಲ ಜಾಗದಿಂದ ಬಂದವು. ಹೆಸರಿನ ಮೊದಲ ತುಂಡು ನೋಡಿದರೆ ಸಾಕು, ಆ ಮನೆತನ ಹೊಲಮನೆಯದೋ, ಕೊಳದ ಬದಿಯದೋ, ಕಡಲಿಗೆ ಚಾಚಿದ ಗುಡ್ಡದ ತುದಿಯದೋ ಗೊತ್ತಾಗುತ್ತದೆ. "ನಮ್ಮಲ್ಲೂ ಹಾಗೇ ಸರ್, ಗುತ್ತು, ಬೆಟ್ಟು, ಬೈಲು ಅಂತ" ಎಂದೆ. ಅದನ್ನೂ ಬರೆದುಕೊಂಡರು. ಐರಿಷ್ ಹೆಸರುಗಳು ಬೇರೆ ತರಹ, ಇಂಥವನ ಮಗ, ಇಂಥವನ ಮೊಮ್ಮಗ ಎಂದು ಮನುಷ್ಯನಿಂದ ಬಂದವು ಎಂದರು. ಅವರ ತಾಯಿ ಐರ್ಲೆಂಡಿನವರು.

ಇದು ಹೊತ್ತು ಹೋಗದವರ ಹವ್ಯಾಸ ಎಂದು ಮೊದಲು ನಾನೂ ತಿಳಿದಿದ್ದೆ. ಅಲ್ಲ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿನಲ್ಲಿದ್ದ ಒಬ್ಬ ತಮ್ಮನೂ ಹೋಗಿ ಮನೆ ಮಾರಾಟವಾಗಿತ್ತು. ಮುಂದಿನ ವರ್ಷ ನಿವೃತ್ತಿ. ಕೆಲಸ ಮುಗಿದರೆ ಅಲ್ಲಿ ವೀಸಾವೂ ಮುಗಿಯಿತು, ಖಲಾಸ್. ಬುದಯ್ಯದ ಕಾಂಪೌಂಡಿನಲ್ಲಿ ಇಪ್ಪತ್ತೆರಡು ವರ್ಷ ಇದ್ದ ವಿಲ್ಲಾದ ಬೀಗದ ಕೈಯನ್ನು ಕಂಪನಿಗೆ ಒಪ್ಪಿಸಿ ಅವರು ಎಲ್ಲಿಗಾದರೂ ಹೋಗಲೇಬೇಕು. "ರಕ್ತಸಂಬಂಧ ಅನ್ನುವುದು ಒಂದಾದರೂ ಇರುವ ಊರು ಸಿಕ್ಕಿದರೆ ಅಲ್ಲೊಂದು ಕೋಣೆ ಹಿಡಿಯುತ್ತೇನೆ" ಎನ್ನುತ್ತಿದ್ದರು. ಚಾರ್ಟ್ ಇದ್ದದ್ದು ಅದಕ್ಕೆ.

ನಾನು ಬಾಯಿ ಬಿಟ್ಟದ್ದು ಆಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಮುತ್ತಿಗೆ ಹೆಸರಾದ ಆ ದ್ವೀಪದಲ್ಲಿ ಕೂತೇ ಮರೆತೆ. ಅಷ್ಟುದ್ದದ ಚಾರ್ಟಿನಲ್ಲಿ ಇದ್ದದ್ದೆಲ್ಲ ಅಪ್ಪನ ಕಡೆಯವರು. ತಾಯಿಯದು ಒಂದೇ ಒಂದು ಚೌಕ, ಅದರೊಳಗೊಂದು ಐರಿಷ್ ಹೆಸರು, ಮೇಲೆ ಏನೂ ಇಲ್ಲ. "ನಮ್ಮಲ್ಲಿಯಾದರೆ ಈ ಚಾರ್ಟ್ ಲೆಕ್ಕಕ್ಕೇ ಇಲ್ಲ ಸರ್. ತಾಯಿಯ ಕಡೆಯದೇ ನಿಜವಾದ ಬೇರು" ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ.

ಆಮೇಲೆ ಬಳಿ ಎಂದರೇನು ಎಂದು ವಿವರಿಸಬೇಕಾಯಿತು. ಅದು ಕುಲದ ಗುರುತು, ಬರುವುದು ತಾಯಿಯಿಂದ. ಮದುವೆ ಮಾತುಕತೆಯಲ್ಲಿ ಮೊದಲು ಕೇಳುವುದೇ ಬಳಿ. ಹುಡುಗನದೂ ಹುಡುಗಿಯದೂ ಒಂದೇ ಆದರೆ ಅವರು ಅಣ್ಣತಂಗಿ, ಚಹಾ ಕುಡಿದು ಎದ್ದು ಬರಬೇಕು. ಗಂಡಸಾದವನು ಬಳಿಯನ್ನು ಸಾಯುವ ತನಕ ಹೊತ್ತುಕೊಂಡಿರಬಹುದು, ಆದರೆ ಯಾರಿಗೂ ಕೊಡುವ ಹಾಗಿಲ್ಲ. ನನ್ನ ಮಕ್ಕಳಿಬ್ಬರೂ ಹೆಂಡತಿಯ ಬಳಿಯವರು. ಮ್ಯಾನೇಜರ್ ನಗಲಿಲ್ಲ. ಆ ಒಂಟಿ ಚೌಕವನ್ನೇ ನೋಡುತ್ತ ಕುಳಿತರು. ತಾಯಿ ಹದಿನಾರರ ವಯಸ್ಸಿನಲ್ಲಿ ಮನೆಗೆಲಸಕ್ಕೆಂದು ಸಮುದ್ರ ದಾಟಿ ಬಂದವರಂತೆ, ತವರಿನ ಸುದ್ದಿ ಎಂದೂ ಎತ್ತಿರಲಿಲ್ಲವಂತೆ.

ಮರುದಿನದಿಂದ ಅಪ್ಪನ ಕಡೆಯವರೆಲ್ಲ ಮೂಲೆ ಸೇರಿದರು. ಅವರು ಹೇಳಿದ ಕಾಗದಗಳನ್ನು ನಾನು ಟೈಪ್ ಮಾಡಿದೆ, ಐರ್ಲೆಂಡಿನ ಚರ್ಚುಗಳಿಗೆ, ದಾಖಲೆ ಕಚೇರಿಗಳಿಗೆ. ಮನೆಯಲ್ಲಿ ಹೇಳಿದರೆ ಹೆಂಡತಿ ಬೈದಳು. "ಋಷಿಮೂಲ ನದಿಮೂಲ ಹುಡುಕ್ಲಿಕ್ಕೆ ಹೋಗ್ಬಾರ್ದು ಅಂತ ದೊಡ್ಡವರು ಸುಮ್ನೆ ಹೇಳಿದ್ದಾ? ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ಆಯ್ತು ನಿಮ್ದು. ಆ ಮನುಷ್ಯ ಪಾಪ ಸುಖವಾಗಿ ಇದ್ರು ಮಾರಾಯ್ರೆ."

ಮೂರು ತಿಂಗಳಾದ ಮೇಲೆ ಉತ್ತರ ಬಂತು. ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂದದ್ದನ್ನೆಲ್ಲ ಒಡೆದು ಓದಿ, ಮೊಹರು ಹಾಕಿ ಒಳಗೆ ಕಳಿಸುವುದು ನನ್ನ ಕೆಲಸ. ಕೈ ಅಭ್ಯಾಸಬಲದಿಂದ ಇದನ್ನೂ ಒಡೆಯಿತು. ನಾಲ್ಕೈದು ಸಾಲು, ಅಷ್ಟೇ. ನೀವು ವಿಚಾರಿಸಿದ ಹೆಣ್ಣು ಮಗು ಅನಾಥಾಲಯದ ಮೆಟ್ಟಿಲ ಮೇಲೆ ಸಿಕ್ಕಿತ್ತು. ತಂದೆತಾಯಿಯರ ಮಾಹಿತಿ ಇಲ್ಲ. ಹಾಗೆ ಸಿಕ್ಕ ಮಕ್ಕಳಿಗೆ ಸಂಸ್ಥೆಯವರೇ ಒಂದು ಪಟ್ಟಿಯಿಂದ ಸರದಿಯಂತೆ ಅಡ್ಡಹೆಸರು ಇಡುತ್ತಿದ್ದರು, ಆದ್ದರಿಂದ ಆ ಹೆಸರಿನ ಯಾವ ಮನೆತನಕ್ಕೂ ಮಗುವಿಗೂ ಸಂಬಂಧವಿಲ್ಲ. ಮೊದಲ ಎರಡು ವರ್ಷ ಹಾಲೂಡಿಸಲು ಹೊರಗಿನ ಒಬ್ಬ ಹೆಂಗಸಿಗೆ ಒಪ್ಪಿಸಲಾಗಿತ್ತು, ಆಕೆಯ ಹೆಸರು ದಾಖಲಾಗಿಲ್ಲ. ಇಂತಿ.

ಎರಡು ದಿನ ಆ ಕಾಗದ ನನ್ನ ಡ್ರಾಯರಿನಲ್ಲಿತ್ತು. ಹರಿದು ಬಿಸಾಡಿಬಿಡಲೇ ಎಂದೂ ಯೋಚಿಸಿದೆ, ನಿಜ ಹೇಳುತ್ತೇನೆ. ಬಂದಿಲ್ಲ ಎಂದರೆ ಅವರು ಕಾಯುತ್ತಾರೆ, ಕಾಯುವುದಾದರೂ ಒಂದು ಕೆಲಸ. ಆದರೆ ದಿನಕ್ಕೆರಡು ಬಾರಿ "ಏನಾದರೂ ಬಂತೇ?" ಎಂದು ಕೇಳುವವರ ಮುಖ ನೋಡಿ ಇಲ್ಲ ಎನ್ನುವುದು ಮೂರನೆಯ ದಿನ ನನ್ನಿಂದಾಗಲಿಲ್ಲ. ಒಳಗೆ ಹೋಗಿ ಮೇಜಿನ ಮೇಲಿಟ್ಟೆ. ಅವರು ಓದಿದರು, ನಾಲ್ಕಾಗಿ ಮಡಿಸಿ ಶರ್ಟಿನ ಜೇಬಿಗೆ ಹಾಕಿಕೊಂಡರು. ಥ್ಯಾಂಕ್ಸ್ ಹೇಳಿದರು. ಆಮೇಲೆ, ಬೆಳಿಗ್ಗೆ ಬರಬೇಕಿದ್ದ ಕಂಟೇನರುಗಳು ಬಂದವೇ ಎಂದು ಕೇಳಿದರು. ಬಂದಿವೆ ಎಂದೆ. ನನಗೆ ಅಳು ಬರುತ್ತಿತ್ತು, ಅವರು ಬಾಗಿಲು ಹಾಕಿಕೊಂಡು ಹೋಗು ಎಂದು ಸನ್ನೆ ಮಾಡಿದರು.

ಚಾರ್ಟ್ ಮತ್ತೆ ಬಿಚ್ಚಲಿಲ್ಲ. ಊಟದ ಹೊತ್ತಿನಲ್ಲಿ ಕಿಟಕಿಯ ಹತ್ತಿರ ನಿಂತು ಬಂದರಿನ ಕ್ರೇನ್ ನೋಡುತ್ತಿದ್ದರು. ನಾನೂ ಒಬ್ಬನೇ ಉಂಡೆ. ಕೊನೆಯ ತಿಂಗಳು ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು: "ನಿಮ್ಮ ಜನರಲ್ಲಿ ಇಂಥ ಮಗು ಸಿಕ್ಕಿದರೆ ಅದು ಯಾವ ಬಳಿ?" ನನಗೆ ಗೊತ್ತಿರಲಿಲ್ಲ. "ನಿನ್ನದನ್ನೇ ನನಗೆ ಕೊಟ್ಟುಬಿಡು" ಎಂದರು. ನಗುತ್ತಲೇ ಹೇಳಿದ್ದು, ಆದರೆ ಕಣ್ಣು ನನ್ನ ಮುಖದಿಂದ ಕದಲಲಿಲ್ಲ. "ನನ್ನ ಸ್ವಂತ ಮಗನಿಗೇ ಕೊಡಲಿಕ್ಕಾಗಿಲ್ಲ ಸರ್" ಎಂದೆ. ಅಷ್ಟು ದೊಡ್ಡ ಮನುಷ್ಯ ನನ್ನಲ್ಲಿ ಕೇಳಿದ್ದು ಅದೊಂದೇ, ಅದೂ ನನ್ನ ಕೈಯಲ್ಲಿ ಇಲ್ಲದ್ದು.

ಆ ಶುಕ್ರವಾರ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ. ಎಂಬತ್ತು ದಾಟಿದ್ದ ಅಮ್ಮ ಒಂದು ಗಳಿಗೆಯೂ ತಡೆಯಲಿಲ್ಲ. "ಅದಕ್ಕೆಂತ ಮಗಾ ಇಷ್ಟು ಯೋಚನೆ? ಹೆತ್ತವಳು ಗೊತ್ತಿಲ್ಲಾಂದ್ರೆ ಹಾಲು ಕೊಟ್ಟವಳ ಬಳಿ. ಮತ್ತೆ ಯಾರದ್ದು? ನಿನ್ನ ದೊರೆಗೆ ಹೇಳು, ಬೇಜಾರು ಮಾಡ್ಬೇಡಿ ಅಂತ." ಇದು ಕಟ್ಟಳೆಯೋ, ಅಮ್ಮ ಅಲ್ಲೇ ಮಾಡಿದ ತೀರ್ಪೋ, ನನಗೆ ಇವತ್ತಿಗೂ ತಿಳಿಯದು. ಆದರೆ ಕೇಳಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇದನ್ನು ಆಫೀಸಿನಲ್ಲಿ ಹೇಳಬಾರದು, ಹೊರಡುವ ದಿನ ಹೇಳಿ ಕಳಿಸಬೇಕು ಎಂದು ಜತನವಾಗಿ ಇಟ್ಟುಕೊಂಡೆ.

ಹೊರಟ ದಿನ ಬುದಯ್ಯದಿಂದ ಮುಹರ್ರಕ್ ದ್ವೀಪದ ಏರ್‌ಪೋರ್ಟಿಗೆ ನಾನೇ ಕಾರಿನಲ್ಲಿ ಬಿಟ್ಟೆ. ಲಂಡನ್ನಿಗೆ ಟಿಕೆಟ್. ಅಲ್ಲಿಂದ ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಸೂಟ್‌ಕೇಸ್, ಚಾರ್ಟಿನ ಸುರುಳಿ ಇರಲಿಲ್ಲ. ಸೇತುವೆ ದಾಟಿದ ಮೇಲೆ ಇನ್ನು ತಡೆಯಲಾರದೆ ಹೇಳಿಬಿಟ್ಟೆ. ಅಮ್ಮನ ಮಾತನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ, ಬಹುಮಾನ ಕೊಡುವವನ ಉತ್ಸಾಹದಲ್ಲಿ ಹೇಳಿದೆ. ಹಾಲು ಕೊಟ್ಟವಳೇ ಮೂಲ ಸರ್, ನಿಮ್ಮ ತಾಯಿಗೂ ಬಳಿ ಉಂಟು, ನಿಮಗೂ ಉಂಟು.

ಅವರು ನನ್ನ ಭುಜ ತಟ್ಟಿದರು. ನಿನ್ನ ತಾಯಿ ಬಹಳ ದೊಡ್ಡವರು ಎಂದರು. ಕಾರು ನಿಲ್ಲಿಸಿ ನಾನು ಸೂಟ್‌ಕೇಸ್‌ಗಳನ್ನು ಟ್ರಾಲಿಗೆ ಏರಿಸುವಾಗ, ಅವರು ಜೇಬಿನಿಂದ ಆ ಕಾಗದ ತೆಗೆದು ಬಿಡಿಸಿದರು. ಮಡಿಕೆಯ ಗೆರೆಗಳು ಸವೆದು ತೂತು ಬಿದ್ದಿದ್ದವು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಆಕೆಯ ಹೆಸರು ದಾಖಲಾಗಿಲ್ಲ.

ಆ ಸಾಲನ್ನು ಅವರಿಗಿಂತ ಮೊದಲು ಓದಿದವನು ನಾನು.